ರೋಬೊ ಪೆಟ್ಟಿಗೆ ಹೋದ ಮರುದಿನ

ಶಾಲೆಗಳಲ್ಲಿ ರೊಬೊಟಿಕ್ಸ್ ಕಾರ್ಯಾಗಾರ ಮುಗಿಯುವ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ನಿಮ್ಮಲ್ಲಿ ಯಾರ್ಯಾರು ವಿಜ್ಞಾನಿ, ಎಂಜಿನಿಯರ್ ಆಗ್ತೀರಿ?’ ಕೋಣೆಯಲ್ಲಿರುವ ಅಷ್ಟೂ ಕೈ ಮೇಲೇಳುತ್ತವೆ. ಫೋಟೊ ಆಗುತ್ತದೆ, ಸರ್ಟಿಫಿಕೇಟ್ ಹಂಚುತ್ತಾರೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಮಕ್ಕಳಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸಲು ಕರೆ’ ಎಂಬ ಸುದ್ದಿ. ಅಷ್ಟರಲ್ಲಿ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬಂದಿದ್ದ ತಂಡ ತನ್ನ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಕಾರಿನ ಡಿಕ್ಕಿಗೆ ತುಂಬಿಕೊಂಡು ಹೆದ್ದಾರಿ ಹಿಡಿದಿರುತ್ತದೆ.

ಆ ಕೈಗಳಲ್ಲಿ ಸುಳ್ಳಿಲ್ಲ. ಆ ಗಳಿಗೆಯಲ್ಲಿ ಮಕ್ಕಳಿಗೆ ನಿಜಕ್ಕೂ ಹಾಗೇ ಅನ್ನಿಸಿರುತ್ತದೆ. ಆದರೆ ಕಾರ್ಯಾಗಾರದ ಪರಿಣಾಮ ಅಳೆಯಲು ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ. ಮೂರು ತಿಂಗಳು ಬಿಟ್ಟು, ಕಿಟ್ಟಿನ ಸುಳಿವೇ ಇಲ್ಲದ ಅದೇ ಕೋಣೆಯಲ್ಲಿ ಕೇಳಿದರೆ ಎಷ್ಟು ಕೈ ಏಳುತ್ತವೆ? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಪಿಯು ಕಾಲೇಜಿನ ಅರ್ಜಿ ತುಂಬುವ ದಿನ ಎಷ್ಟು? ಬಸವಕಲ್ಯಾಣ, ಹುಮನಾಬಾದಿನಂಥ ಊರುಗಳಿಗೆ ಬೇಕಾದದ್ದು ಈ ಎರಡನೆಯ ಮತ್ತು ಮೂರನೆಯ ಎಣಿಕೆ. ಅದನ್ನು ಯಾರೂ ಮಾಡುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಫೋಟೊ ತೆಗೆಯಲು ಯಾರೂ ಇರುವುದಿಲ್ಲ.

ಬೀದರ್ ಜಿಲ್ಲೆಯ ಈ ಎರಡೂ ತಾಲ್ಲೂಕು ಕೇಂದ್ರಗಳ ನಡುವೆ ಸುಮಾರು 30 ಕಿಲೋಮೀಟರ್ ದೂರ. ಪುಣೆ–ಹೈದರಾಬಾದ್ ಹೆದ್ದಾರಿ ಎರಡನ್ನೂ ಪೋಣಿಸುತ್ತದೆ. ಬಸವಕಲ್ಯಾಣ ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ, ಶರಣರ ನೆಲ. ಈಗ ಲಾರಿಗಳ ಊರು. ಹುಮನಾಬಾದಿನಲ್ಲಿ ವೀರಭದ್ರೇಶ್ವರ ದೇವಸ್ಥಾನವಿದೆ, ಪಕ್ಕದಲ್ಲೇ ಮಾಣಿಕ್ ಪ್ರಭುಗಳ ಮಾಣಿಕನಗರವಿದೆ, ಔಷಧ ಮತ್ತು ರಾಸಾಯನಿಕ ಘಟಕಗಳ ಕೈಗಾರಿಕಾ ಪ್ರದೇಶವೂ ಇದೆ. ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಗಿ ಹುಮನಾಬಾದ್ ಆ ದಾರಿಯ ನಿಲ್ದಾಣವಾದದ್ದು 2017ರ ಅಕ್ಟೋಬರ್ 29ರಂದು. ಶಾಲೆಗಳ ವಿಷಯಕ್ಕೆ ಬಂದರೆ ಇಲ್ಲಿ ಕನ್ನಡ, ಉರ್ದು, ಮರಾಠಿ, ಇಂಗ್ಲಿಷ್ ನಾಲ್ಕೂ ಮಾಧ್ಯಮ ಉಂಟು. ಮನೆಯ ಮಾತು ಒಂದು, ಓಣಿಯ ಮಾತು ಇನ್ನೊಂದು, ಪುಸ್ತಕದ್ದು ಮತ್ತೊಂದು. ಇಂಥಲ್ಲಿಗೆ ಬಂದ ತರಬೇತುದಾರ ಇಂಗ್ಲಿಷ್ ಸ್ಲೈಡುಗಳನ್ನು ಹಾಕಿ ಮೊದಲ ಅರ್ಧ ಗಂಟೆ ಕಳೆದರೆ ಕಾರ್ಯಾಗಾರದ ಅರ್ಧ ಜೀವ ಅಲ್ಲೇ ಹೋಯಿತೆಂದು ತಿಳಿಯಬೇಕು.

ಜೀವ ಮರಳುವುದು ವಸ್ತು ಕೈಗೆ ಬಂದಾಗ. ಸಾಮಾನ್ಯವಾಗಿ ಮೊದಲ ಪಾಠ ‘ಲೈನ್ ಫಾಲೋವರ್’. ಬಿಳಿ ಹಾಳೆಯ ಮೇಲೆ ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿ ಮಾಡಿದ ಹಾದಿಯನ್ನು ಬಿಡದೆ ತಾನೇ ಓಡುವ ಪುಟ್ಟ ಗಾಡಿ. ಹಳದಿ ಬಣ್ಣದ ಎರಡು ಗೇರ್ ಮೋಟರು, ಎರಡು ಗಾಲಿ, ಮುಂದೆ ಅತ್ತಿತ್ತ ಹೊರಳುವ ಸಣ್ಣ ಗಾಲಿ, ಆರ್ಡುಯಿನೊ ಎಂಬ ನೀಲಿ ಬೋರ್ಡು, ಮೋಟರುಗಳಿಗೆ ಕರೆಂಟು ಕೊಡುವ ಡ್ರೈವರ್, ನೆಲಕ್ಕೆ ಮುಖ ಮಾಡಿದ ಎರಡು ಇನ್‌ಫ್ರಾರೆಡ್ ಸೆನ್ಸರು. ಸೆನ್ಸರು ಕಣ್ಣಿಗೆ ಕಾಣದ ಬೆಳಕನ್ನು ನೆಲಕ್ಕೆ ಬಿಡುತ್ತದೆ. ಬಿಳಿ ಹಾಳೆ ಅದನ್ನು ವಾಪಸು ಕಳಿಸುತ್ತದೆ, ಕಪ್ಪು ಟೇಪು ನುಂಗಿಬಿಡುತ್ತದೆ. ಎಡಗಡೆಯ ಸೆನ್ಸರಿಗೆ ಕಪ್ಪು ಸಿಕ್ಕರೆ ಎಡ ಮೋಟರು ನಿಲ್ಲಲಿ, ಬಲಗಡೆಯದಕ್ಕೆ ಸಿಕ್ಕರೆ ಬಲ ಮೋಟರು ನಿಲ್ಲಲಿ. ಪ್ರೋಗ್ರಾಂ ಎಂದರೆ ಇಷ್ಟೇ. ಬಿಡಿಭಾಗಗಳನ್ನೆಲ್ಲ ಸೇರಿಸಿದರೂ ಎರಡು ಸಾವಿರ ರೂಪಾಯಿಯೊಳಗೆ ಮುಗಿಯುವ ಗಾಡಿ ಇದು.

ಇಷ್ಟೇ ಆದರೂ ಅದು ಮೊದಲ ಸಲಕ್ಕೆ ಓಡುವುದಿಲ್ಲ. ‘ಗಾಡಿ ತಿರಗವಲ್ದು ರೀ ಸರ್’ ಎಂಬ ದೂರು ಮೂರ್ನಾಲ್ಕು ಮೂಲೆಗಳಿಂದ ಒಟ್ಟಿಗೆ ಏಳುತ್ತದೆ. ಒಂದು ಗುಂಪಿನಲ್ಲಿ ಒಂದು ಮೋಟರಿನ ವೈರು ಉಲ್ಟಾ, ಆದ್ದರಿಂದ ಗಾಡಿ ನಿಂತಲ್ಲೇ ಗಿರಗಿರ ಸುತ್ತುತ್ತದೆ. ಇನ್ನೊಂದರಲ್ಲಿ ಚೌಕದ 9 ವೋಲ್ಟ್ ಬ್ಯಾಟರಿ ಹಾಕಿದ್ದಾರೆ. ವೋಲ್ಟೇಜು ಸಾಕಷ್ಟಿದ್ದರೂ ಮೋಟರು ಎಳೆಯುವಷ್ಟು ಕರೆಂಟು ಕೊಡುವ ಶಕ್ತಿ ಅದಕ್ಕಿಲ್ಲ, ಸ್ವಲ್ಪ ಹೊತ್ತಿಗೇ ಸುಸ್ತು. ಮತ್ತೊಂದು ಕಡೆ ಯುಎಸ್‌ಬಿ ಕೇಬಲ್ ಬರೀ ಚಾರ್ಜಿಂಗಿನದು, ಅದರಲ್ಲಿ ಡೇಟಾ ಹೋಗುವುದೇ ಇಲ್ಲ. ಎಲ್ಲಕ್ಕಿಂತ ಸೊಗಸಾದ ತೊಂದರೆ ಕಿಟಕಿಯ ಪಕ್ಕದ ಗುಂಪಿನದು. ಬೆಳಿಗ್ಗೆ ಸರಿಯಾಗಿ ಓಡಿದ ಗಾಡಿ ಮಧ್ಯಾಹ್ನ ಹುಚ್ಚು ಹಿಡಿದಂತೆ ಹಾದಿ ಬಿಡುತ್ತದೆ. ಹಾಳೆಯ ಮೇಲೆ ಬಿಸಿಲು ಬಿದ್ದಿದೆ, ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ, ಸೆನ್ಸರಿಗೆ ಯಾವುದು ತನ್ನ ಬೆಳಕು ಯಾವುದು ಸೂರ್ಯನದು ಎಂಬುದೇ ತಿಳಿಯುತ್ತಿಲ್ಲ. ಕಾರಣ ಹೇಳಿಕೊಡದೆ ಸುಮ್ಮನಿದ್ದರೆ ಯಾವುದೋ ಒಂದು ಮಗು ಎದ್ದುಹೋಗಿ ಕಿಟಕಿ ಮುಚ್ಚುತ್ತದೆ, ಇನ್ನೊಂದು ಸೆನ್ಸರಿನ ಮೇಲಿರುವ ಪುಟ್ಟ ತಿರುಪನ್ನು ತಿರುವಿ ನೋಡುತ್ತದೆ. ಹತ್ತನೇ ತರಗತಿಯ ಬೆಳಕಿನ ಪಾಠ ಅಷ್ಟು ಹೊತ್ತಿನಲ್ಲಿ ನೆಲದ ಮೇಲೆ ನಡೆದುಹೋಗಿರುತ್ತದೆ.

ರೊಬೊಟಿಕ್ಸಿನ ನಿಜವಾದ ಲಾಭ ಇರುವುದು ಈ ಕೆಟ್ಟುನಿಲ್ಲುವ ಹೊತ್ತಿನಲ್ಲಿ. ಪರೀಕ್ಷೆಯಲ್ಲಿ ತಪ್ಪಿದರೆ ಅಂಕ ಹೋಯಿತು, ಇಲ್ಲಿ ತಪ್ಪಿದರೆ ವೈರು ಬಿಚ್ಚಿ ಮತ್ತೆ ಹಾಕಿದರಾಯಿತು. ಸಮಯ ಸಾಲದು ಎಂದು ಮೊದಲೇ ಜೋಡಿಸಿಟ್ಟ ಗಾಡಿ ತಂದು ರಿಮೋಟಿನಿಂದ ಓಡಿಸಿ ತೋರಿಸುವ ತಂಡಗಳು ಮಕ್ಕಳಿಂದ ಕಸಿದುಕೊಳ್ಳುವುದು ಇದನ್ನೇ. ಅದು ಜಾದೂ ಪ್ರದರ್ಶನ. ಚಪ್ಪಾಳೆ ಅದಕ್ಕೂ ಬೀಳುತ್ತದೆ.

ಚಂದ್ರಯಾನ-3 ಇಂಥ ಕಾರ್ಯಾಗಾರಕ್ಕೆ ಒಳ್ಳೆಯ ಉದಾಹರಣೆ ಕೊಟ್ಟಿದೆ. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಇಳಿದದ್ದನ್ನು ನಾಡಿನ ಮಕ್ಕಳೆಲ್ಲ ಟಿವಿಯಲ್ಲಿ ನೋಡಿದರು. ಅದರ ಹೊಟ್ಟೆಯಿಂದ ಹೊರಬಂದ 26 ಕಿಲೋ ತೂಕದ, ಆರು ಗಾಲಿಯ ಪ್ರಜ್ಞಾನ್ ಕೂಡ ಒಂದು ರೋಬೊ ಗಾಡಿಯೇ. ಆಗಸ್ಟ್ 27ರಂದು ಅದರ ಎದುರಿಗೆ ಮೂರು ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಅಗಲದ ಕುಳಿ ಕಂಡಿತು. ಬಂದ ದಾರಿಯಲ್ಲೇ ಹಿಂದಿರುಗುವಂತೆ ಭೂಮಿಯಿಂದ ಆಜ್ಞೆ ಹೋಯಿತು, ಗಾಡಿ ಬೇರೆ ದಾರಿ ಹಿಡಿಯಿತು. ಅಡ್ಡ ಬಂದದ್ದನ್ನು ಅಲ್ಟ್ರಾಸಾನಿಕ್ ಸೆನ್ಸರಿನಿಂದ ಕಂಡುಹಿಡಿದು ಹಿಂದೆ ಸರಿಯುವ ಗಾಡಿ ಕಾರ್ಯಾಗಾರದ ಎರಡನೇ ಪಾಠ. ಚಂದ್ರನ ಮೇಲಿನ ಗಾಡಿಗೆ ಮನುಷ್ಯರು ದಾರಿ ಹೇಳಬೇಕಾಯಿತು, ನಮ್ಮ ಟೇಬಲಿನ ಮೇಲಿನದು ತಾನೇ ತೀರ್ಮಾನಿಸುತ್ತದೆ, ಹೀಗೇಕೆ ಎಂದು ಎಂಟನೇ ತರಗತಿಯಲ್ಲಿ ಕೇಳಿದರೆ ಒಂದು ಪೀರಿಯಡ್ ಸಾಲದಷ್ಟು ಚರ್ಚೆ ಹುಟ್ಟುತ್ತದೆ.

ಇಷ್ಟರಿಂದ ಮಕ್ಕಳ ಆಸಕ್ತಿ ಬೆಳೆಯುತ್ತದೆಯೇ? ಬೆಳೆಯುತ್ತದೆ, ಅದೂ ಬೇಗ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಲಿಸನ್ ಮಾಸ್ಟರ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಆರು ವರ್ಷದ 96 ಮಕ್ಕಳ ಮೇಲೆ ನಡೆದದ್ದು. ಅಷ್ಟು ಚಿಕ್ಕ ವಯಸ್ಸಿಗೇ ‘ರೋಬೊ, ಪ್ರೋಗ್ರಾಮಿಂಗ್ ಅಂದರೆ ಹುಡುಗರಿಗೇ ಚೆನ್ನಾಗಿ ಬರುವುದು’ ಎಂಬ ಭಾವನೆ ಆ ಮಕ್ಕಳಲ್ಲಿ ಬೇರೂರಿತ್ತು. ಗಣಿತ, ವಿಜ್ಞಾನದ ಬಗ್ಗೆ ಅಂಥ ಭಾವನೆ ಇರಲಿಲ್ಲ. ಚೀಟಿ ಎತ್ತಿದಂತೆ ಮಕ್ಕಳನ್ನು ಗುಂಪು ಮಾಡಿ, ಒಂದು ಗುಂಪಿಗೆ ಸ್ಮಾರ್ಟ್‌ಫೋನಿನಿಂದ ಪುಟ್ಟ ರೋಬೊಗೆ ಪ್ರೋಗ್ರಾಂ ಬರೆಯಲು ಕೊಟ್ಟರು. ಆ ಗುಂಪಿನ ಹುಡುಗಿಯರಲ್ಲಿ ತಂತ್ರಜ್ಞಾನದ ಆಸಕ್ತಿಯೂ ‘ನನಗೆ ಬರುತ್ತದೆ’ ಎಂಬ ಧೈರ್ಯವೂ ಉಳಿದ ಹುಡುಗಿಯರಿಗಿಂತ ಹೆಚ್ಚಾದವು. ಹುಡುಗರಿಗೂ ಅವರಿಗೂ ಇದ್ದ ಅಂತರ ಲೆಕ್ಕಕ್ಕೆ ಸಿಗದಷ್ಟು ಕಿರಿದಾಯಿತು.

ಇದನ್ನು ನಮ್ಮ ಶಾಲೆಗಳಿಗೆ ಅನ್ವಯಿಸುವ ಮುನ್ನ ಒಂದು ಮಾತು. ಆ ಹುಡುಗಿಯರ ಕೈಗೇ ರೋಬೊ ಬಂದಿತ್ತು. ಎಂಟು ಮಕ್ಕಳಿಗೆ ಒಂದು ಕಿಟ್ ಕೊಟ್ಟು ನೋಡಿ: ಸ್ಕ್ರೂಡ್ರೈವರು ಹುಡುಗನ ಕೈಗೆ, ನೋಟುಪುಸ್ತಕ ಹುಡುಗಿಯ ಕೈಗೆ ಹೋಗಿರುತ್ತದೆ. ಅಂದವಾದ ಅಕ್ಷರದಲ್ಲಿ ವರದಿ ಬರೆಯುವ ಹೊಣೆ ಆಕೆಯದು. ಹೆಣ್ಣುಮಕ್ಕಳ ಗುಂಪನ್ನು ಬೇರೆ ಮಾಡುವುದೋ, ಹತ್ತು ನಿಮಿಷಕ್ಕೊಮ್ಮೆ ಸ್ಕ್ರೂಡ್ರೈವರು ಕೈ ಬದಲಾಗಲೇಬೇಕು ಎಂಬ ನಿಯಮ ಹಾಕುವುದೋ, ಏನೋ ಒಂದು ಮಾಡದಿದ್ದರೆ ಕಾರ್ಯಾಗಾರ ಹಳೆಯ ಭಾವನೆಯನ್ನೇ ಹೊಸ ಸಾಮಾನಿನಿಂದ ಗಟ್ಟಿ ಮಾಡಿ ಹೋಗುತ್ತದೆ.

ಬೇಗ ಹುಟ್ಟಿದ್ದು ಬೇಗ ಆರುವುದೂ ಉಂಟು. ಸುಸಾನ್ ಹಿಡಿ ಮತ್ತು ಆನ್ ರೆನಿಂಜರ್ ಎಂಬ ಶಿಕ್ಷಣ ಮನಶ್ಶಾಸ್ತ್ರಜ್ಞರು 2006ರಲ್ಲಿ ಆಸಕ್ತಿ ಬೆಳೆಯುವ ಬಗೆಯನ್ನು ನಾಲ್ಕು ಹಂತಗಳಾಗಿ ವಿವರಿಸಿದರು. ಮೊದಲನೆಯದು ಸನ್ನಿವೇಶ ಹೊತ್ತಿಸುವ ಆಸಕ್ತಿ. ಎರಡನೆಯದು ಸನ್ನಿವೇಶವೇ ಅದನ್ನು ಹಿಡಿದಿಡುವ ಹಂತ. ಮೂರನೆಯದರಲ್ಲಿ ಮಗು ತಾನಾಗಿ ಪ್ರಶ್ನೆ ಕೇಳತೊಡಗುತ್ತದೆ, ನಾಲ್ಕನೆಯದರಲ್ಲಿ ಅದು ಸ್ವಭಾವವೇ ಆಗಿಬಿಡುತ್ತದೆ. ಒಂದು ದಿನದ ಕಾರ್ಯಾಗಾರ ಮೊದಲ ಮೆಟ್ಟಿಲು. ಎರಡನೆಯದಕ್ಕೆ ಏರಲು ಹೊರಗಿನ ಆಸರೆ ಬೇಕು: ಮತ್ತೆ ಮುಟ್ಟಲು ಸಾಮಾನು, ಕೇಳಲು ಮನುಷ್ಯರು, ಒಟ್ಟಿಗೆ ಮಾಡಲು ಗೆಳೆಯರು. ಅಮೆರಿಕದಲ್ಲಿ ಡೀನ್ ಕೇಮನ್ 1989ರಲ್ಲಿ ಸ್ಥಾಪಿಸಿದ ‘ಫಸ್ಟ್’ ಸಂಸ್ಥೆಯ ರೊಬೊಟಿಕ್ಸ್ ಸ್ಪರ್ಧೆಗಳ ಹುಡುಗ ಹುಡುಗಿಯರನ್ನು ಬ್ರಾಂಡೈಸ್ ವಿಶ್ವವಿದ್ಯಾಲಯದ ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿ, ಅವರಲ್ಲಿ ವಿಜ್ಞಾನ–ತಂತ್ರಜ್ಞಾನದ ಒಲವು ಉಳಿದವರಿಗಿಂತ ಹೆಚ್ಚು ಬೆಳೆದದ್ದನ್ನು, ಹುಡುಗಿಯರಲ್ಲಿ ಆ ಪರಿಣಾಮ ಇನ್ನೂ ದೊಡ್ಡದಾಗಿದ್ದದ್ದನ್ನು ಕಂಡರು. ತಾವಾಗಿ ಸೇರಿದ ಮಕ್ಕಳಲ್ಲಿ ಮೊದಲೇ ಒಲವಿರುತ್ತದೆ ಎಂಬ ಆಕ್ಷೇಪ ಸರಿಯೇ. ಆದರೂ ಅಲ್ಲಿನ ಮಕ್ಕಳು ಒಂದು ತಂಡವಾಗಿ, ಪಕ್ಕದಲ್ಲಿ ಕೆಲಸ ಬಲ್ಲ ಎಂಜಿನಿಯರರನ್ನು ಇಟ್ಟುಕೊಂಡು ವಾರಗಟ್ಟಲೆ ಒಂದೇ ಯಂತ್ರದೊಂದಿಗೆ ಗುದ್ದಾಡಿರುತ್ತಾರೆ. ಒಂದು ದಿನದ ಶಿಬಿರ ಮಾಡಿ ‘ಫಸ್ಟ್’ನ ಫಲ ಬರಲೆಂದು ಕಾಯುವುದು ಬಿತ್ತದೆ ರಾಶಿ ಮಾಡಲು ಹೊರಟಂತೆ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಲೂಯಿಸ್ ಆರ್ಚರ್ ಮತ್ತು ಸಂಗಡಿಗರು ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಕುರಿತು ನಡೆಸಿದ ‘ಆಸ್ಪೈರ್ಸ್’ ಅಧ್ಯಯನದ ವರದಿ 2013ರಲ್ಲಿ ಬಂತು. ಬಹುಪಾಲು ಮಕ್ಕಳಿಗೆ ವಿಜ್ಞಾನ ಇಷ್ಟ, ಆದರೆ ವಿಜ್ಞಾನಿ ಆಗಬೇಕೆಂದವರು ಶೇ 15ರಷ್ಟೇ. ಮಕ್ಕಳಿಗೆ ಆಸಕ್ತಿ ಇಲ್ಲ, ಅದನ್ನು ಹುಟ್ಟಿಸಬೇಕು ಎಂಬ ನಮ್ಮ ಭಾಷಣಗಳ ತಳಹದಿಯೇ ಇಲ್ಲಿ ಅಲುಗುತ್ತದೆ. ಕೊರತೆ ಇರುವುದು ‘ಇದು ನಮ್ಮಂಥವರಿಗೆ ಆಗುವ ಕೆಲಸ’ ಎಂಬ ನಂಬಿಕೆಯಲ್ಲಿ. ಮನೆಯಲ್ಲೋ ನೆಂಟರಲ್ಲೋ ಅಂಥ ಕೆಲಸ ಮಾಡುವವರಿದ್ದಾರೆಯೇ, ಊಟದ ಹೊತ್ತಿನಲ್ಲಿ ಅಂಥ ಮಾತು ಬರುತ್ತದೆಯೇ ಎಂಬುದನ್ನೆಲ್ಲ ಸೇರಿಸಿ ಅವರು ಅದಕ್ಕೆ ವಿಜ್ಞಾನದ ಬಂಡವಾಳ ಎಂದು ಹೆಸರಿಟ್ಟರು.

ಹಾಗಾದರೆ ಬಸವಕಲ್ಯಾಣದ ಮಗುವಿನ ಬಂಡವಾಳ ಸೊನ್ನೆಯೇ?

ಹೆದ್ದಾರಿಯ ಬದಿಗೆ, ಸಸ್ತಾಪುರ ಬಂಗ್ಲಾದ ಸುತ್ತಮುತ್ತ ಒಮ್ಮೆ ನಡೆದರೆ ಉತ್ತರ ಸಿಗುತ್ತದೆ. ಲಾರಿ ರಿಪೇರಿ, ಬಾಡಿ ಕಟ್ಟುವುದು, ವೆಲ್ಡಿಂಗ್, ಪಾಟಾ ಬದಲಿಸುವುದು, ವೈರಿಂಗ್, ಟೈರ್. ಇಲ್ಲಿನ ಎಷ್ಟೋ ಮನೆಗಳಲ್ಲಿ ಅಪ್ಪನೋ ಕಾಕನೋ ಮಾಮನೋ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲವರು. ಅವರಲ್ಲಿ ಬಹಳ ಮಂದಿ ಹತ್ತನೇ ತರಗತಿ ಮುಟ್ಟಿಲ್ಲ ಎಂಬ ಒಂದೇ ಕಾರಣಕ್ಕೆ ಶಾಲೆಯ ಲೆಕ್ಕದಲ್ಲಿ ಈ ಜ್ಞಾನಕ್ಕೆ ಬೆಲೆಯಿಲ್ಲ. ಬಸವಕಲ್ಯಾಣದಲ್ಲಿ ವೇದಿಕೆ ಹತ್ತಿದವರು ಕಾಯಕದ ಮಾತಾಡದೆ ಇಳಿಯುವುದು ಅಪರೂಪ. ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯರ ಹೆಸರು ಮಕ್ಕಳಿಗೆ ಬಾಯಿಪಾಠ. ಗ್ಯಾರೇಜಿನ ಮಿಸ್ತ್ರಿಯನ್ನು ವಿಜ್ಞಾನದ ಕೋಣೆಗೆ ಕರೆದು ಒಂದು ತಾಸು ಮಾತಾಡಿಸುವ ಪದ್ಧತಿ ಮಾತ್ರ ನಮ್ಮಲ್ಲಿಲ್ಲ.

ಮಕ್ಕಳ ಕೈಗೆ ಕಂಪ್ಯೂಟರು ಕೊಡಬೇಕೆಂದು ಮೊದಲು ವಾದಿಸಿದವರಲ್ಲಿ ಒಬ್ಬರಾದ ಸೆಮೋರ್ ಪ್ಯಾಪರ್ಟ್ ಈ ಮಿಸ್ತ್ರಿಗಳನ್ನು ಕಂಡಿದ್ದರೆ ಕುರ್ಚಿ ಹಾಕಿ ಕೂರುತ್ತಿದ್ದರೇನೋ. 1960ರ ದಶಕದಲ್ಲಿ ಸಂಗಡಿಗರೊಂದಿಗೆ ಲೋಗೊ ಭಾಷೆ ರೂಪಿಸಿ, ಆಜ್ಞೆಯಂತೆ ನೆಲದ ಮೇಲೆ ಗೆರೆ ಎಳೆಯುವ ‘ಆಮೆ’ ರೋಬೊವನ್ನು ಮಕ್ಕಳಿಗೆ ಕೊಟ್ಟವರು ಅವರು. ಇಂದಿನ ಶಾಲಾ ರೊಬೊಟಿಕ್ಸಿನ ಬೇರು ಅಲ್ಲಿದೆ. ಅವರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕ 1980ರಲ್ಲಿ ಬಂತು. 1998ರಲ್ಲಿ ಬಂದ ಲೆಗೊ ಕಂಪನಿಯ ರೋಬೊ ಕಿಟ್ಟಿಗೆ ಹೆಸರು ಸಿಕ್ಕಿದ್ದು ಅದರಿಂದಲೇ. ಆ ಪುಸ್ತಕದ ಮುನ್ನುಡಿಯಲ್ಲಿ ಪ್ಯಾಪರ್ಟ್ ನೆನೆಯುವುದು ಕಂಪ್ಯೂಟರನ್ನಲ್ಲ, ಬಾಲ್ಯದಲ್ಲಿ ತಮಗೆ ಹುಚ್ಚು ಹಿಡಿಸಿದ್ದ ಮೋಟಾರು ವಾಹನದ ಗೇರುಗಳನ್ನು, ಅದರಲ್ಲೂ ಡಿಫರೆನ್ಷಿಯಲನ್ನು. ಗಣಿತದ ಸಮೀಕರಣಗಳು ತಮಗೆ ಅರ್ಥವಾದದ್ದು ಅವುಗಳ ಮೂಲಕ ಎನ್ನುತ್ತಾರೆ.

ಲಾರಿಯ ಹಿಂದಿನ ಆಕ್ಸಲಿನ ನಡುವೆ ಗುಂಡಗೆ ಉಬ್ಬಿಕೊಂಡಿರುವುದೇ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡಕ್ಕೂ ಎಂಜಿನ್ ಒಂದೇ. ಒಂದೇ ಮೂಲದಿಂದ ಬಂದ ತಿರುಗುವಿಕೆಯನ್ನು ಎರಡು ಬೇರೆ ವೇಗಗಳಾಗಿ ಹಂಚುವ ಕೆಲಸ ಆ ಗೇರುಗಳದು. ಮಕ್ಕಳ ಲೈನ್ ಫಾಲೋವರ್ ಗಾಡಿಯಲ್ಲಿ ಡಿಫರೆನ್ಷಿಯಲ್ ಇಲ್ಲ; ಗಾಲಿಗೊಂದು ಮೋಟರಿದೆ, ಯಾವುದು ಎಷ್ಟು ತಿರುಗಬೇಕೆಂದು ಪ್ರೋಗ್ರಾಂ ಹೇಳುತ್ತದೆ. ಲಾರಿಯಲ್ಲಿ ಗೇರು ಮಾಡುವುದನ್ನು ಇಲ್ಲಿ ನಾಲ್ಕು ಸಾಲು ಕೋಡ್ ಮಾಡುತ್ತದೆ. ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಒಂದು ಹಳೆಯ ಡಿಫರೆನ್ಷಿಯಲನ್ನು ಶಾಲೆಗೆ ತಂದು ಟೇಬಲಿನ ಮೇಲಿಟ್ಟು, ಪಕ್ಕದಲ್ಲಿ ಈ ಗಾಡಿ ಓಡಿಸಿದರೆ ಲಂಡನ್ನಿನ ಸಂಶೋಧಕರು ಹೇಳಿದ ಬಂಡವಾಳ ಯಾರ ಮನೆಯಲ್ಲಿದೆ ಎಂದು ಮಕ್ಕಳಿಗೇ ಗೊತ್ತಾಗುತ್ತದೆ.

ಗ್ಯಾರೇಜು ಕೂಡ ಬದಲಾಗುತ್ತಿದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವ ಹೊಸ ವಾಹನಗಳಿಗೆ ಹೊಗೆ ನಿಯಂತ್ರಣದ ಬಿಎಸ್-6 ಮಾನದಂಡ ಕಡ್ಡಾಯವಾಯಿತು. ಈಗಿನ ಡೀಸೆಲ್ ಲಾರಿಯ ಸೈಲೆನ್ಸರ್ ಕೊಳವೆಯಲ್ಲಿ ಸೆನ್ಸರುಗಳಿವೆ. ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡು ಎಷ್ಟಿದೆ ಎಂದು ಅವು ತಿಳಿಸುತ್ತವೆ, ಕಂಪ್ಯೂಟರು ಲೆಕ್ಕ ಹಾಕಿ ಯೂರಿಯಾ ದ್ರಾವಣ ಚಿಮುಕಿಸುತ್ತದೆ. ದ್ರಾವಣ ಮುಗಿದರೆ ಎಂಜಿನ್ನಿನ ಬಲವನ್ನೇ ತಗ್ಗಿಸಿಬಿಡುತ್ತದೆ. ಸದ್ದು ಕೇಳಿ ರೋಗ ಹೇಳುತ್ತಿದ್ದ ಮಿಸ್ತ್ರಿ ಈಗ ಸ್ಕ್ಯಾನರ್ ಚುಚ್ಚಿ ಪರದೆ ನೋಡಬೇಕು. ಸೆನ್ಸರು ನೋಡುತ್ತದೆ, ಬೋರ್ಡು ತೀರ್ಮಾನಿಸುತ್ತದೆ, ಮೋಟರೋ ವಾಲ್ವೋ ಕೆಲಸ ಮಾಡುತ್ತದೆ: ಮಕ್ಕಳ ಗಾಡಿಯಲ್ಲಿರುವುದೂ ಹುಮನಾಬಾದಿನ ಔಷಧ ಘಟಕಗಳಲ್ಲಿ ಉಷ್ಣತೆ ನೋಡಿ ವಾಲ್ವು ತೆರೆಯುವ ಪಿಎಲ್‌ಸಿ ಪೆಟ್ಟಿಗೆಯಲ್ಲಿರುವುದೂ ಇದೇ ಸರಪಳಿ. ತೊಗರಿ ಹೊಲಕ್ಕೂ ಅದು ಬರುತ್ತಿದೆ. 15,000 ಮಹಿಳಾ ಸ್ವಸಹಾಯ ಗುಂಪುಗಳಿಗೆ ಡ್ರೋನ್ ಕೊಡುವ ‘ನಮೋ ಡ್ರೋನ್ ದೀದಿ’ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2023ರ ನವೆಂಬರಿನಲ್ಲಿ. ತಂತ್ರಜ್ಞಾನದ ವೃತ್ತಿ ಎಂದರೆ ಬೆಂಗಳೂರಿನ ಗಾಜಿನ ಕಟ್ಟಡವೇ ಎಂಬ ಚಿತ್ರವನ್ನು ಮಕ್ಕಳ ತಲೆಗೆ ತುಂಬಿದವರು ಹೊರಗಿನಿಂದ ಬಂದ ಭಾಷಣಕಾರರು. ಊರಲ್ಲೇ ಇರುವ ಕೆಲಸವನ್ನು ಯಾರೂ ತೋರಿಸಲಿಲ್ಲ.

ಆಸಕ್ತಿ ವೃತ್ತಿಯಾಗುವ ದಾರಿಯಲ್ಲಿ ದೊಡ್ಡ ತಿರುವು ಎಸ್ಸೆಸ್ಸೆಲ್ಸಿ. ರಾಬರ್ಟ್ ತಾಯ್ ಮತ್ತು ಸಂಗಡಿಗರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದ ಪ್ರಕಾರ, ಎಂಟನೇ ತರಗತಿಯಲ್ಲೇ ‘ಮೂವತ್ತರ ವಯಸ್ಸಿಗೆ ವಿಜ್ಞಾನದ ಕೆಲಸದಲ್ಲಿರುತ್ತೇನೆ’ ಎಂದಿದ್ದ ಅಮೆರಿಕದ ವಿದ್ಯಾರ್ಥಿಗಳು ಮುಂದೆ ಭೌತವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಪಡೆಯುವ ಸಾಧ್ಯತೆ ಉಳಿದವರಿಗಿಂತ 3.4 ಪಟ್ಟು. ಎಂಟನೇ ತರಗತಿಯ ಕನಸಿಗೆ ಅಷ್ಟು ತೂಕವಿದೆ. ಆದರೆ ಕಲ್ಯಾಣ ಕರ್ನಾಟಕದಲ್ಲಿ ಆ ಕನಸು ಮೊದಲು ಹತ್ತನೇ ತರಗತಿಯ ಗಣಿತ ದಾಟಬೇಕು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ನೆರೆಯ ಕಲಬುರಗಿ ಶೇ 42.43ರೊಂದಿಗೆ ಕೊನೆ. ಪಾಸಾದವರಲ್ಲೂ ಎಲ್ಲರೂ ವಿಜ್ಞಾನಕ್ಕೆ ಹೋಗುವುದಿಲ್ಲ. ಹಳ್ಳಿಗಳ ಹದಿನಾಲ್ಕರಿಂದ ಹದಿನೆಂಟರ ಹರೆಯದವರ ನಡುವೆ ನಡೆದ 2023ರ ‘ಅಸರ್’ ಸಮೀಕ್ಷೆಯಲ್ಲಿ ಹನ್ನೊಂದನೇ ತರಗತಿ ಮತ್ತು ಮೇಲಿನವರ ಪೈಕಿ ವಿಜ್ಞಾನ ಹಾಗೂ ಸಂಬಂಧಿತ ವಿಷಯ ಹಿಡಿದ ಹುಡುಗರು ಶೇ 36.3, ಹುಡುಗಿಯರು ಶೇ 28.1.

ಬೀದರ್ ನೀಟ್ ಕೋಚಿಂಗಿಗೆ ಹೆಸರಾಗಿರುವುದರಿಂದ ಇಲ್ಲಿ ಇನ್ನೊಂದು ವಿಚಿತ್ರವೂ ಉಂಟು. ಅಂಕ ಬಂದ ಮಗು ಡಾಕ್ಟರಾಗಬೇಕು, ಬಾರದ ಮಗು ಯಾವುದಾದರೂ ಒಂದು ಮಾಡಿಕೊಳ್ಳಲಿ. ನಡುವಿನ ದಾರಿಗಳ ಹೆಸರು ಹೇಳುವವರು ಕಡಿಮೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ, ಅಲ್ಲಿಂದ ನೇರ ಎರಡನೇ ವರ್ಷದ ಎಂಜಿನಿಯರಿಂಗಿಗೆ ಪ್ರವೇಶ, ಐಟಿಐ, ಸಂವಿಧಾನದ 371ಜೆ ವಿಧಿಯ ಪ್ರಕಾರ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಅಲ್ಲಿ ಕೈಗಾರಿಕಾ ರೋಬೊಗಳ ತರಬೇತಿಯೂ ಸೇರಿದೆ. ಕಾರ್ಯಾಗಾರದ ಕೊನೆಯ ಅರ್ಧ ಗಂಟೆಯನ್ನು ಸನ್ಮಾನಕ್ಕೆ ಕೊಡುವ ಬದಲು ಈ ದಾರಿಗಳನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ, ಅದಕ್ಕೆ ಪಾಲಕರನ್ನೂ ಕರೆದು ಕೂರಿಸಿದರೆ, ಶಾಲು ಹಾರಗಳ ಖರ್ಚಾದರೂ ಉಳಿಯುತ್ತಿತ್ತು.

ಕನ್ನಡದಲ್ಲಿ ರೊಬೊಟಿಕ್ಸ್ ಕಲಿಸಲಾಗದು ಎನ್ನುವವರು ಕಾಸರಗೋಡಿನತ್ತ ನೋಡಬೇಕು. ಕೇರಳ ಸರ್ಕಾರ 2025–26ರಿಂದ ಹತ್ತನೇ ತರಗತಿಯ ಐಸಿಟಿ ಪಠ್ಯದಲ್ಲಿ ರೊಬೊಟಿಕ್ಸನ್ನು ಎಲ್ಲರಿಗೂ ಸೇರಿಸಿತು. ಸುಮಾರು 4.3 ಲಕ್ಷ ಮಕ್ಕಳು, ಶಾಲೆಗಳಿಗೆ ಹಂಚಿದ 29,000 ಕಿಟ್. ಆರ್ಡುಯಿನೊ, ಇನ್‌ಫ್ರಾರೆಡ್ ಸೆನ್ಸರು, ಸರ್ವೊ ಮೋಟರು ಎಲ್ಲ ಅದರಲ್ಲಿವೆ. ಪಠ್ಯಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳು ಮತ್ತು ಕನ್ನಡದಲ್ಲಿದೆ. ಅಂದರೆ ಮಂಜೇಶ್ವರದ ಕನ್ನಡ ಮಾಧ್ಯಮದ ಹುಡುಗಿಗೆ ರೋಬೊ ವರ್ಷದ ಪಾಠ, ಬಸವಕಲ್ಯಾಣದ ಕನ್ನಡ ಮಾಧ್ಯಮದ ಹುಡುಗಿಗೆ ಒಂದು ದಿನದ ಅತಿಥಿ. ಕೇರಳ ಇದನ್ನು ಒಮ್ಮೆಗೇ ಮಾಡಲಿಲ್ಲ. 2018ರಲ್ಲಿ ಶುರುವಾದ ‘ಲಿಟ್ಲ್ ಕೈಟ್ಸ್’ ಎಂಬ ಮಕ್ಕಳ ಐಟಿ ಕ್ಲಬ್ಬುಗಳಲ್ಲಿ ವರ್ಷಗಳ ಕಾಲ ಪ್ರಯೋಗವಾದ ಮೇಲೆ ಅದು ಪಠ್ಯಕ್ಕೆ ಬಂತು. ಪರೀಕ್ಷೆಗೆ ಬಂದ ಮೇಲೆ ರೊಬೊಟಿಕ್ಸೂ ಉರುಹೊಡೆಯುವ ವಿಷಯವಾಗುವ ಭಯ ಇದ್ದೇ ಇದೆ. ಆದರೂ ಪುಸ್ತಕ ಕನ್ನಡದಲ್ಲಿ ಸಿದ್ಧವಾಗಿದೆ. ಬೀದರಿನ ಶಿಕ್ಷಕರು ಅದನ್ನು ತರಿಸಿ ನೋಡಬಹುದು.

ಕರ್ನಾಟಕದ ಶಾಲೆಗಳಿಗೂ ಹಣದ ದಾರಿಗಳು ಪೂರ್ತಿ ಮುಚ್ಚಿಲ್ಲ. ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ 2016ರಿಂದ ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗಾಗಿ ಟಿಂಕರಿಂಗ್ ಲ್ಯಾಬ್ ಕೊಡುತ್ತಿದೆ. ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ನೆರವು, ಅರ್ಧ ಸಾಮಾನಿಗೆ, ಅರ್ಧ ನಡೆಸುವ ಖರ್ಚಿಗೆ. ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಲ್ಯಾಬ್ ಎಂದು 2025ರ ಕೇಂದ್ರ ಬಜೆಟ್ ಹೇಳಿದೆ. ಲ್ಯಾಬ್ ಬಂದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಬೀಗದ ಕೈ ಯಾರ ಹತ್ತಿರ? ತ್ರೀಡಿ ಪ್ರಿಂಟರ್ ಕೆಟ್ಟರೆ ತನ್ನ ಸಂಬಳಕ್ಕೆ ಕುತ್ತು ಬಂದೀತೆಂದು ಹೆದರುವ ಶಿಕ್ಷಕ ಅದರ ಮೇಲೆ ಬಟ್ಟೆ ಹೊದಿಸಿಡುತ್ತಾನೆ. ಸಾಮಾನು ಕೆಡುವುದು ತಪ್ಪಲ್ಲ ಎಂದು ಇಲಾಖೆ ಬರೆದುಕೊಡದ ಹೊರತು ಆ ಬಟ್ಟೆ ಸರಿಯದು. ಇದಲ್ಲದೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಇನ್‌ಸ್ಪೈರ್-ಮಾನಕ್’ ಯೋಜನೆ ಆಯ್ಕೆಯಾದ ಮಗುವಿಗೆ ಮಾದರಿ ಮಾಡಲು 10,000 ರೂಪಾಯಿ ಕೊಡುತ್ತದೆ. ಹೆಸರು ಕಳಿಸಬೇಕಾದವರು ಶಾಲೆಯವರು. ಕಾರ್ಯಾಗಾರದಲ್ಲಿ ಕಿಟಕಿ ಮುಚ್ಚಲು ಎದ್ದುಹೋದ ಮಗು ಯಾವುದು ಎಂದು ಗಮನಿಸಿದ ಶಿಕ್ಷಕಿಗೆ ಯಾರ ಹೆಸರು ಬರೆಯಬೇಕೆಂದು ಗೊತ್ತಿರುತ್ತದೆ.

ಉಳಿದದ್ದು ಮನುಷ್ಯರ ಪ್ರಶ್ನೆ. ವಾರಕ್ಕೊಮ್ಮೆ ಶಾಲೆಗೆ ಬಂದು ಕೆಟ್ಟ ಗಾಡಿಯ ಮುಂದೆ ಮಕ್ಕಳ ಜೊತೆ ನೆಲದ ಮೇಲೆ ಕೂರುವವರು ಯಾರು? ಅವರನ್ನು ಬೆಂಗಳೂರಿನಿಂದ ತರಿಸಬೇಕಿಲ್ಲ. ಬಸವಕಲ್ಯಾಣದಲ್ಲೇ ಎಂಜಿನಿಯರಿಂಗ್ ಕಾಲೇಜಿದೆ, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯಿದೆ, ಬೀದರಿನಲ್ಲಿ 1980ರಿಂದ ಗುರುನಾನಕ್ ದೇವ್ ಕಾಲೇಜಿದೆ. ವಿಟಿಯು ವ್ಯಾಪ್ತಿಯ ಎಂಜಿನಿಯರಿಂಗ್ ವಿದ್ಯಾರ್ಥಿ ಪದವಿ ಪಡೆಯಲು ಪಾಠದ ಹೊರಗೆ ಸಮಾಜಕ್ಕೆ ಉಪಯೋಗವಾಗುವ ಕೆಲಸ ಮಾಡಿ 100 ಚಟುವಟಿಕೆ ಅಂಕ ಗಳಿಸಲೇಬೇಕೆಂಬ ಎಐಸಿಟಿಇ ನಿಯಮವಿದೆ. ಗಿಡ ನೆಟ್ಟ, ಕಸ ಗುಡಿಸಿದ ಫೋಟೊಗಳಲ್ಲಿ ಆ ಅಂಕಗಳ ದೊಡ್ಡ ಪಾಲು ತುಂಬಿಹೋಗುತ್ತದೆ. ಅದೇ ಅಂಕಕ್ಕೆ ಒಂದು ಸೆಮಿಸ್ಟರ್ ಪೂರ್ತಿ ಪ್ರತಿ ಶನಿವಾರ ಒಂದೇ ಪ್ರೌಢಶಾಲೆಗೆ ಹೋಗಬೇಕೆಂದು ಪ್ರಾಂಶುಪಾಲರು ಗೊತ್ತುಮಾಡಿದರೆ ಎರಡನೆಯ ಭೇಟಿಯೂ ಆಯಿತು, ಹತ್ತನೆಯದೂ ಆಯಿತು. ಎಂಟನೇ ತರಗತಿಯ ಹುಡುಗಿಗೆ ತನ್ನ ಮಾತಿನಲ್ಲೇ ಮಾತಾಡುವ, ಪಕ್ಕದ ಊರಿನಿಂದಲೇ ಬಂದ ಎಲೆಕ್ಟ್ರಾನಿಕ್ಸ್ ಓದುವ ಒಬ್ಬ ಅಕ್ಕ ಸಿಕ್ಕಂತಾಯಿತು. 2023ರ ಜೂನ್ 11ರಂದು ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದಾಗಿನಿಂದ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಸಾಮಾನ್ಯ ಬಸ್ಸಿನಲ್ಲಿ ಆ ಅಕ್ಕನಿಗೆ ಟಿಕೆಟ್ಟಿನ ಖರ್ಚೂ ಇಲ್ಲ.